ಬಸಲಿಂಗಮ್ಮ ಕಲಿತ ಕಟಿಂಗ್

ಬೆಳಿಗ್ಗೆ ಹತ್ತೂವರೆಗೆ ಶೈಲಾ ಎದ್ದು ಪರದೆ ಎಳೆದಳು. ಬಸಲಿಂಗಮ್ಮ ತಲೆ ಎತ್ತಲಿಲ್ಲ. ಹುಕ್ಕು ಹಚ್ಚುತ್ತಿದ್ದ ಬ್ಲೌಸನ್ನು ಮಡಿಲಲ್ಲಿ ಇಟ್ಟುಕೊಂಡೇ, ಕುಳಿತಲ್ಲಿಂದ ಸ್ವಲ್ಪ ತಿರುಗಿ ಗೋಡೆಯ ಕಡೆ ಮುಖ ಮಾಡಿದಳು. ಒಂಬತ್ತು ವರ್ಷಗಳಿಂದ ಹೀಗೇ ನಡೆದಿತ್ತು. ಪರದೆಯಾಚೆ ಕತ್ತರಿಯ ಸದ್ದು ನಿಂತ ಮೇಲೆ ಬಟ್ಟೆಯ ತುಂಡುಗಳು ಸಣ್ಣ ಗಂಟಾಗಿ ಅವಳ ಮುಂದೆ ಬರುತ್ತಿದ್ದವು. ಅವನ್ನು ಜೋಡಿಸುವುದು, ಅಸ್ತರ ಕೂಡಿಸುವುದು, ಅಂಚು ಮಡಿಚಿ ತುರಪಾಯಿ ಮಾಡುವುದು, ಹುಕ್ಕು ಹಚ್ಚುವುದು ಬಸಲಿಂಗಮ್ಮನ ಕೆಲಸ. ಅಳತೆ ತೆಗೆಯುವುದು ಮತ್ತು ಕಟಿಂಗ್ ಶೈಲಾಳದು.

ಹಿಮಾಯತ್‌ನಗರದ ಮುಖ್ಯ ರಸ್ತೆಯಿಂದ ಮೂರನೆಯ ಗಲ್ಲಿಯಲ್ಲಿ, ಮನೆಯ ಮುಂದಿನ ಕೋಣೆಯೇ ಶೈಲಾಳ ಅಂಗಡಿ. ಅವಳು ಹೊಲಿದ ಬ್ಲೌಸಿನ ಬೆನ್ನು ಎಲ್ಲೂ ಮುದುರುವುದಿಲ್ಲ ಎಂದು ಹೆಸರಾಗಿತ್ತು. ದೂರದ ಬಡಾವಣೆಗಳಿಂದಲೂ ಹೆಂಗಸರು ಆಟೋ ಮಾಡಿಕೊಂಡು ಬರುತ್ತಿದ್ದರು. ಆದರೆ ದಿನಕ್ಕೆ ನಾಲ್ಕು ಬ್ಲೌಸು, ಅಷ್ಟೇ. ಐದನೆಯದು ಬಂದರೆ ಮರಳಿ ಹೋಗುತ್ತಿತ್ತು. ಅವಳಿಗೆ ಜ್ವರ ಬಂದರೆ ಅಂಗಡಿಗೂ ಜ್ವರ. ತಂಗಿಯ ಮಗಳ ಮದುವೆಗೆ ಕಲಬುರಗಿಗೆ ಹೋದವಳು ಅಕ್ಕಿಕಾಳು ಬಿದ್ದ ಕೂಡಲೇ ಬಸ್ಸು ಹಿಡಿದು ಬಂದಿದ್ದಳು. ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಗಂಡ ಕೇದಾರ ಒಂದೆರಡು ಸಲ, ಬಸಲಿಂಗಮ್ಮನಿಗೂ ಕಟಿಂಗ್ ಕಲಿಸಬಾರದೇಕೆ ಎಂದು ಕೇಳಿದ್ದ. ನೋಡೋಣ ಎಂದಿದ್ದಳು. ಆಮೇಲೆ ಅವನು ಕೇಳುವುದನ್ನು ಬಿಟ್ಟ.

ಮುಖ್ಯ ರಸ್ತೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ವೈಜನಾಥನಿಗೂ ಅವಳು ಎರಡು ಸಲ ನೋಡೋಣ ಎಂದಿದ್ದಳು. ಅವನು ಬೀದರ್ ಕಡೆಯವನು, ಕೇದಾರನ ಪರಿಚಯದವನು. ತನ್ನ ಅಂಗಡಿಯಲ್ಲಿ ಸೀರೆ ಕೊಂಡವರ ಬ್ಲೌಸುಗಳನ್ನೆಲ್ಲ ಅವಳಿಗೇ ಕಳಿಸುತ್ತೇನೆ, ಆದರೆ ಹತ್ತು ದಿನದಲ್ಲಿ ಮರಳಿ ಕೈಗೆ ಬರಬೇಕು ಎಂಬುದು ಅವನ ಮಾತು. ಮೂರನೆಯ ಸಲ ಅವನೇ ಗಲ್ಲಿಯವರೆಗೆ ನಡೆದು ಬಂದ.

"ವೈನಿ, ಬರೋ ಸೋಮವಾರ ಹೇಳಿಬಿಡ್ರಿ. ಕಟಿಂಗ್ ನಿಮ್ಮೊಬ್ಬರ ಕೈಯಾಗ ಇದ್ರ ನನ್ನ ಕೆಲಸ ಆಗಂಗಿಲ್ಲ. ಇನ್ನೊಂದು ಕೈ ಬೇಕು."

ಅವನು ಇನ್ನೊಂದು ಕೈ ಎಂದಾಗ ಅವನ ಕಣ್ಣು ಬಸಲಿಂಗಮ್ಮನ ಮೇಲೆ ಒಂದು ಗಳಿಗೆ ನಿಂತಿತೆಂದು ಶೈಲಾಳಿಗೆ ಅನಿಸಿತು. ಬಸಲಿಂಗಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಮೂರು ಸಲ ತಪ್ಪಿತು. ಯಾವತ್ತೂ ತಪ್ಪದವಳು.

ಅಂದಿನಿಂದ ಶೈಲಾ ಎಣಿಸತೊಡಗಿದಳು. ಮಂಗಳವಾರ ಬಸಲಿಂಗಮ್ಮ ಅರ್ಧ ಗಂಟೆ ಮುಂಚೆ ಹೋದಳು. ಬುಧವಾರ ಮೊಬೈಲು ಬಂದಾಗ ಹೊರಗೆ ಹೋಗಿ ತೆಲುಗಿನಲ್ಲಿ ದನಿ ಇಳಿಸಿ ಮಾತಾಡಿದಳು. ಕಟಿಂಗ್ ಲೆಕ್ಕ ಬರೆದ ಅಳತೆಯ ವಹಿ ಇಟ್ಟ ಪೆಟ್ಟಿಗೆಗೆ ಕೀಲಿ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೂ ಶೈಲಾ ಮುಚ್ಚಳದ ಸಂದಿಗೆ ಒಂದು ನೂಲಿನೆಳೆ ಸಿಕ್ಕಿಸಿ ಇಟ್ಟಳು. ಮರುದಿನ ಎಳೆ ಅಲ್ಲೇ ಇತ್ತು. ಅದು ಅಲ್ಲೇ ಇದ್ದದ್ದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಎಳೆಯನ್ನು ನೋಡಿ, ತೆಗೆದು, ಮತ್ತೆ ಹಾಗೆಯೇ ಇಡುವುದು ಬಸಲಿಂಗಮ್ಮನಂಥವಳಿಗೆ ಕಷ್ಟವೇ? ಅವಳ ತುರಪಾಯಿಯ ಹೊಲಿಗೆ ಕಣ್ಣಿಗೇ ಕಾಣುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಗುಂಡಿ ತರಲು ಹೋದಾಗ ವೈಜನಾಥನ ಅಂಗಡಿಯ ಮೆಟ್ಟಿಲ ಮೇಲೆ ಬಸಲಿಂಗಮ್ಮ ನಿಂತಿದ್ದನ್ನು ಶೈಲಾ ಕಂಡಳು. ವೈಜನಾಥ ಏನೋ ಹೇಳುತ್ತಿದ್ದ. ಬಸಲಿಂಗಮ್ಮ ಸೆರಗನ್ನು ಬಾಯಿಗೆ ಹಿಡಿದು ಕೇಳುತ್ತಿದ್ದಳು. ಶೈಲಾ ಗುಂಡಿ ತರದೆಯೇ ಮನೆಗೆ ಬಂದಳು. ಸ್ವಲ್ಪ ಹೊತ್ತಿಗೆ ಬಸಲಿಂಗಮ್ಮನೂ ಬಂದು, ಚೀಲ ಮೂಲೆಗಿಟ್ಟು, ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು. ಶೈಲಾ ಆ ಚೀಲಕ್ಕೆ ಕೈ ಹಾಕಿದಳು.

ಊಟದ ಡಬ್ಬಿಯ ಕೆಳಗೆ ತೆಲುಗು ದಿನಪತ್ರಿಕೆಯಲ್ಲಿ ಕತ್ತರಿಸಿದ ಆಕಾರಗಳಿದ್ದವು. ಬೆನ್ನು, ಎರಡು ಮುಂಭಾಗ, ತೋಳು. ಅಂಚಿನಲ್ಲಿ ಪೆನ್ಸಿಲ್ ಅಂಕಿಗಳು.

ಬಸಲಿಂಗಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು. ಶೈಲಾಳ ಕೈಯಲ್ಲಿದ್ದುದನ್ನು ನೋಡಿದಳು.

"ಎಂದಿನಿಂದ ನಡದದ ಇದು?" ಶೈಲಾ ಕೇಳಿದಳು.

"ಎರಡು ವರ್ಷ ಆತ್ರಿ."

"ನನ್ನ ವಹಿ ತಗದಿ?"

"ನಿಮ್ಮ ವಹಿ ನಾ ಮುಟ್ಟಿಲ್ರಿ ಅಕ್ಕಾರ. ಹಳೇ ಬ್ಲೌಸ್ ಸಣ್ಣದು ದೊಡ್ಡದು ಮಾಡಾಕ ಬರ್ತಾವಲ್ಲ, ಅವನ್ನ ಬಿಚ್ಚೋದು ನನ್ನ ಕೆಲಸ. ಬಿಚ್ಚಿದಾಗ ಪೇಪರ್ ಮ್ಯಾಲ ಇಟ್ಟು ಗೆರಿ ಎಳಕೊಂಡೀನಿ. ಪರದೆ ಎಳದಾಗೆಲ್ಲ ಗ್ವಾಡಿ ಕಡೆ ಮುಖ ಮಾಡಿ ಕುಂತೀನಿ. ಒಂದು ದಿನ ತಿರುಗಿ ನೋಡಿಲ್ಲ."

"ಮತ್ತ ವೈಜನಾಥನ ಅಂಗಡ್ಯಾಗ ಏನು ನಡದಿತ್ತು?"

ಬಸಲಿಂಗಮ್ಮ ಕೈಯೊರೆಸಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅವರು ಕರೆದಿದ್ದರು, ಕಟಿಂಗ್ ಬರುತ್ತದೆಯೇ ಎಂದು ಕೇಳಿದರು, ತಾನು ಹೂಂ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ ಎಂದಳು. ಶೈಲಾ ಆ ಕಾಗದಗಳನ್ನು ನಾಲ್ಕಾಗಿ ಹರಿದು ನೆಲಕ್ಕೆ ಹಾಕಿದಳು. ಬಸಲಿಂಗಮ್ಮ ಬಗ್ಗಿ ಚೂರುಗಳನ್ನು ಆಯ್ದು ಚೀಲಕ್ಕೆ ತುಂಬಿದಳು, ಹಿಂದಿನ ದಿನ ಅರ್ಧ ಹುಕ್ಕು ಹಚ್ಚಿದ್ದ ಬ್ಲೌಸನ್ನು ಮಡಿಚಿ ಮಣೆಯ ಮೇಲಿಟ್ಟಳು, ಹೋದಳು.

ಶುಕ್ರವಾರ ಬರಲಿಲ್ಲ. ಶನಿವಾರವೂ ಬರಲಿಲ್ಲ. ಶೈಲಾ ಪರದೆ ಎಳೆಯದೆಯೇ ಕತ್ತರಿಸಿದಳು, ತಾನೇ ಹೊಲಿದಳು, ತಾನೇ ಹುಕ್ಕು ಹಚ್ಚಿದಳು. ದಿನಕ್ಕೆ ಎರಡು ಬ್ಲೌಸು ಆಗುವುದೂ ಕಷ್ಟವಾಯಿತು. ಆ ಎರಡು ದಿನ ಅವಳಿಗೆ ಬಸಲಿಂಗಮ್ಮನಿಗಿಂತ ಹೆಚ್ಚಾಗಿ ಸುಂದರಾಬಾಯಿ ನೆನಪಾದರು.

ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಶೈಲಾ ಕೆಲಸ ಕಲಿತದ್ದು ಕಾಚಿಗುಡಾದ ಸುಂದರಾಬಾಯಿಯವರ ಹತ್ತಿರ. ಅವರ ಕೋಣೆಯಲ್ಲಿ ಪರದೆ ಇರಲಿಲ್ಲ. ಕಟಿಂಗ್ ಮಾಡುವಾಗ ಹುಡುಗಿಯರನ್ನೆಲ್ಲ ಸುತ್ತ ಕೂರಿಸಿಕೊಳ್ಳುತ್ತಿದ್ದರು, ತಪ್ಪಿದರೆ ತಮ್ಮದೇ ಹಳೆಯ ಸೀರೆ ಹರಿದು ಇನ್ನೊಮ್ಮೆ ಕತ್ತರಿಸು ಎಂದು ಕೊಡುತ್ತಿದ್ದರು. ಆರು ವರ್ಷದ ಮೇಲೆ ಶೈಲಾ ಅವರ ಅಳತೆಯ ವಹಿಯನ್ನು ಅವರಿಗೆ ತಿಳಿಯದಂತೆ ರಾತ್ರಿ ಮನೆಗೆ ತಂದು, ದಿನಕ್ಕೆ ನಾಲ್ಕು ಪುಟದಂತೆ ನಕಲು ಮಾಡಿದಳು. ಮೂರು ವಾರ ಹಿಡಿಯಿತು. ಆಮೇಲೆ ಹಿಮಾಯತ್‌ನಗರದಲ್ಲಿ ತನ್ನ ಯಂತ್ರ ಇಟ್ಟಳು. ಸುಂದರಾಬಾಯಿಯವರ ಗಿರಾಕಿಗಳಲ್ಲಿ ಅರ್ಧ ಜನ ಇತ್ತ ಬಂದರು. ಮರು ವರ್ಷ ಬಸ್ ಸ್ಟಾಪಿನಲ್ಲಿ ಎದುರಾದಾಗ ಅವರು ಯಂತ್ರ ಚೆನ್ನಾಗಿ ನಡೆಯುತ್ತಿದೆಯೇ ಎಂದು ಕೇಳಿದರು, ಬಸ್ಸು ಬಂತು, ಹತ್ತಿ ಹೋದರು. ಇದನ್ನು ಶೈಲಾ ಕೇದಾರನಿಗೂ ಹೇಳಿರಲಿಲ್ಲ.

ಸೋಮವಾರ ಅವಳು ವೈಜನಾಥನ ಅಂಗಡಿಗೆ ಹೋಗಿ, ಕೆಲಸ ಒಪ್ಪಿಕೊಳ್ಳುತ್ತೇನೆ ಎಂದಳು. ವೈಜನಾಥ ಕೈಯಲ್ಲಿದ್ದ ಸೀರೆಯನ್ನು ನಿಧಾನವಾಗಿ ಮಡಿಚಿದ. ಬಸಲಿಂಗಮ್ಮ ಬೆಳಿಗ್ಗೆ ಬಂದಿದ್ದಳು, ಮೊದಲ ಮೂವತ್ತು ಬ್ಲೌಸಿನ ಬಟ್ಟೆ ಒಯ್ದಳು ಎಂದ. ನೀವು ಅವಳಿಗಿಂತ ಮೊದಲು ಬಂದಿದ್ದರೆ ಆಗುತ್ತಿತ್ತು ಎಂದೂ ಸೇರಿಸಿದ.

ಶೈಲಾ ಅಲ್ಲಿಂದಲೇ ಬಸಲಿಂಗಮ್ಮ ಇರುವ ದಿಲ್‌ಸುಖ್‌ನಗರದ ಬಸ್ಸು ಹತ್ತಿದಳು. ಜಗಳಾಡುವುದಕ್ಕೋ ಕರೆಯುವುದಕ್ಕೋ ಅವಳಿಗೇ ಗೊತ್ತಿರಲಿಲ್ಲ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಬಸಲಿಂಗಮ್ಮನ ಮನೆಗೆ ಹೋಗಿರಲಿಲ್ಲ. ಕೋಚಿಂಗ್ ಸೆಂಟರಿನ ಮಗ್ಗುಲಿಗೆ ಎಂದಷ್ಟೇ ಕೇಳಿದ್ದಳು. ಮೂರು ಕಡೆ ವಿಚಾರಿಸಿ, ಕಡಿದಾದ ಮೆಟ್ಟಿಲು ಹತ್ತಿ ಹೋದಾಗ ಬಾಗಿಲು ತೆರೆದೇ ಇತ್ತು. ಬಸಲಿಂಗಮ್ಮ ನೆಲದ ಮೇಲೆ ಹಸಿರು ರೇಷ್ಮೆಯ ತುಂಡು ಹಾಸಿ, ಅದರ ಮೇಲೆ ಪತ್ರಿಕೆಯ ಅಚ್ಚು ಇಟ್ಟು, ಗೆರೆ ಎಳೆಯುತ್ತಿದ್ದಳು. ಶೈಲಾ ಹರಿದಿದ್ದ ಅಚ್ಚುಗಳೇ ಅವು, ಅಂಟು ಹಚ್ಚಿ ಕೂಡಿಸಿದ್ದಳು.

ಬಸಲಿಂಗಮ್ಮ ಎದ್ದು ಚಾಪೆ ಹಾಸಿದಳು, ನೀರು ಕೊಟ್ಟಳು. ಶೈಲಾ ಮರಳಿ ಬಾ ಎಂದಳು. ಬೇಕಾದರೆ ಕಟಿಂಗ್‌ನಲ್ಲೂ ಕೂರಿಸಿಕೊಳ್ಳುತ್ತೇನೆ ಎಂದಳು.

"ಈಗ ಬ್ಯಾಡ್ರಿ," ಎಂದಳು ಬಸಲಿಂಗಮ್ಮ. "ಮಾತು ಕೊಟ್ಟೀನಿ."

ಶೈಲಾ ಏಳುವಾಗ ಕಣ್ಣು ಆ ಹಸಿರು ರೇಷ್ಮೆಯ ಮೇಲೆ ಬಿತ್ತು. ಕಂಕುಳ ಸುತ್ತಿನ ಗೆರೆ ತಪ್ಪಿತ್ತು. ತೊಟ್ಟು ತೊಟ್ಟು ಹಳೆಯದಾದ ಬ್ಲೌಸು ಆ ಜಾಗದಲ್ಲಿ ಜಗ್ಗಿರುತ್ತದೆ. ಅದನ್ನು ಬಿಚ್ಚಿ ಅಚ್ಚು ತೆಗೆದರೆ ಆ ಜಗ್ಗೂ ಅಚ್ಚಿಗೆ ಬಂದುಬಿಡುತ್ತದೆ. ಹೊಸ ಬ್ಲೌಸು ಮೊದಲ ದಿನವೇ ತೋಳಿನ ಬುಡದಲ್ಲಿ ಜೋಲುತ್ತದೆ. ಮೂವತ್ತೂ ಮರಳಿ ಬರುತ್ತವೆ. ವೈಜನಾಥ ಮತ್ತೆ ಗಲ್ಲಿಯವರೆಗೆ ನಡೆದು ಬರುತ್ತಾನೆ.

ಅವಳು ಚಪ್ಪಲಿ ಮೆಟ್ಟಿಕೊಂಡಳು. ಮೆಟ್ಟಿಲು ಇಳಿದಳು. ಕೆಳಗೆ ರಸ್ತೆಯಲ್ಲಿ ಮೆಟ್ರೊ ಕಂಬದ ನೆರಳಿನಲ್ಲಿ ಸ್ವಲ್ಪ ಹೊತ್ತು ನಿಂತಳು. ಹಿಮಾಯತ್‌ನಗರದ ಬಸ್ಸೊಂದು ಬಂದು, ನಿಂತು, ಹೋಯಿತು.

ಮತ್ತೆ ಮೇಲೆ ಹತ್ತಿ ಬಂದಾಗ ಬಸಲಿಂಗಮ್ಮನ ಕೈಯಲ್ಲಿ ಕತ್ತರಿ ಇತ್ತು.

"ತಡಿ, ಕತ್ತರಸಬ್ಯಾಡ," ಎಂದು ಶೈಲಾ ನೆಲಕ್ಕೆ ಕುಳಿತಳು. ಸೀಮೆಸುಣ್ಣ ತೆಗೆದುಕೊಂಡು, ಮೊದಲಿನ ಗೆರೆಯ ಪಕ್ಕ ಕಾಲು ಇಂಚು ಬಿಟ್ಟು ಇನ್ನೊಂದು ಗೆರೆ ಎಳೆದಳು. ಯಾಕೆಂದು ಹೇಳಿದಳು.

ಬಸಲಿಂಗಮ್ಮ ಗೆರೆ ನೋಡಿದಳು. ಆಮೇಲೆ ಶೈಲಾಳ ಮುಖ ನೋಡಿದಳು.

"ಇದನ್ನ ಈಗ ಯಾಕ ಹೇಳಾಕತ್ತೀರಿ, ಅಕ್ಕಾರ?"

ಶೈಲಾ ಸೀಮೆಸುಣ್ಣವನ್ನು ಬಟ್ಟೆಯ ಅಂಚಿಗೆ ಇಟ್ಟಳು. ಬಸಲಿಂಗಮ್ಮ ಕತ್ತರಿಯನ್ನು ಪಕ್ಕಕ್ಕಿಟ್ಟು ಟೇಪು ತೆಗೆದುಕೊಂಡಳು. ಭುಜದ ತುದಿಯಿಂದ ತನ್ನ ಗೆರೆಯವರೆಗೆ ಅಳೆದಳು. ಅಲ್ಲಿಂದಲೇ ಶೈಲಾಳ ಗೆರೆಯವರೆಗೆ ಅಳೆದಳು. ಎದ್ದು ಹೋಗಿ ಗೂಟದ ಮೇಲಿದ್ದ ತನ್ನದೊಂದು ಹಳೆಯ ಬ್ಲೌಸು ತಂದು, ಒಳಮಗ್ಗಲು ಮಾಡಿ, ಕಂಕುಳ ಕಡೆಯ ಹೊಲಿಗೆ ಜಗ್ಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಕೋಚಿಂಗ್ ಬಿಟ್ಟಿತೆಂದು ಕಾಣುತ್ತದೆ, ಕೆಳಗಿನ ರಸ್ತೆಯಿಂದ ಗದ್ದಲ ಮೇಲಕ್ಕೆ ಬರತೊಡಗಿತು. ಶೈಲಾ ಗೋಡೆಗೆ ಬೆನ್ನು ಕೊಟ್ಟು ಕಾಯುತ್ತ ಕುಳಿತಳು. ಹಸಿರು ಬಟ್ಟೆಯ ಮೇಲೆ ಎರಡು ಬಿಳಿ ಗೆರೆಗಳು ಪಕ್ಕಪಕ್ಕದಲ್ಲಿದ್ದವು. ಬಸಲಿಂಗಮ್ಮ ಬಗ್ಗಿ, ಟೇಪಿನ ತುದಿಯನ್ನು ಭುಜದ ಗುರುತಿಗೆ ಒತ್ತಿ ಹಿಡಿದು, ಮತ್ತೊಮ್ಮೆ ಮೊದಲಿನಿಂದ ಅಳೆಯಲು ಶುರು ಮಾಡಿದಳು.