ರಿವರ್ಸ್ ಗೇರ್

ಮೆಟ್ಟಿಲ ತಿರುವಿನಲ್ಲಿ ಅಪ್ಪನ ಶವಪೆಟ್ಟಿಗೆಯನ್ನು ಓರೆ ಮಾಡುವಾಗ ಮಗಳ ಕೈ ಜಾರಿತು. ಪಕ್ಕದಲ್ಲಿದ್ದ ಕ್ಯಾಪ್ಟನ್ ತಟ್ಟನೆ ಹೆಗಲು ಕೊಟ್ಟ. ಕೆಮ್ಮು ಒತ್ತರಿಸಿಕೊಂಡು ಬಂದರೂ ಭಾರ ಬಿಡಲಿಲ್ಲ. ಅವನು ಅಪ್ಪನ ಹತ್ತಿರವೇ ಹಾರಾಟ ಕಲಿತವನು.

"ನೀನು ಬಿಡಮ್ಮ, ನಿಂತಲ್ಲೇ ತೂಕಡಿಸ್ತಿದ್ದೀಯ."

ಆಸ್ಪತ್ರೆಯ ಕುರ್ಚಿಯಲ್ಲಿ ರಾತ್ರಿಗಳನ್ನು ಕಳೆದು ಅವಳ ಕಣ್ಣಿಗೆ ಮರಳು ಹೊಯ್ದಂತಾಗಿತ್ತು. ಶವವಾಹನದ ಬಾಗಿಲು ಮುಚ್ಚುವಷ್ಟರಲ್ಲಿ ಫೋನ್ ಬಂತು. ಅವಳು ಕೋ-ಪೈಲಟ್ ಆಗಿದ್ದ ಕಂಪನಿಯ ಮ್ಯಾನೇಜರ್.

"ತುಂಬಾ ಬೇಜಾರಾಯ್ತಮ್ಮ. ಆದ್ರೆ ಸಂಜೆ ಫ್ಲೈಟಿಗೆ ಬೇರೆ ಯಾರೂ ಇಲ್ಲ. ಮಣ್ಣು ಮಾಡಿ ಬಂದ್ಬಿಡಿ."

"ಸರ್, ನಾನು ನಿದ್ದೆ ಮಾಡಿಲ್ಲ."

"ಇಲ್ಲಿ ಯಾರು ಮಾಡಿದ್ದಾರೆ ಹೇಳಿ? ನಿಮ್ಮ ಪ್ರಮೋಷನ್ ಮಾತು ಬೇರೆ ನಡೀತಿದೆ. ಯೋಚನೆ ಮಾಡಿ."

ಆ ಫ್ಲೈಟ್ ಹಾರಿಸಬೇಕಾದವನು ಇದೇ ಕ್ಯಾಪ್ಟನ್. ಯೂನಿಫಾರ್ಮಿನಲ್ಲೇ ಬಂದಿದ್ದ. "ಬಂದ್ಬಿಡು," ಎಂದ. "ನಂಗೂ ನೆಗಡಿ, ಒಂದು ಕಿವಿ ಪೂರಾ ಕಟ್ಟಿದೆ. ಮಾತ್ರೆ ನುಂಗಿ ಹೊರಟಿಲ್ವಾ? ಹೇಗೋ ತಳ್ಳಿಬಿಡೋಣ."

ಸ್ಮಶಾನದ ದಾರಿಯಲ್ಲಿ ಹಿಂದಿನಿಂದ ಅಪ್ಪನ ಹಳೆಯ ಸಹೋದ್ಯೋಗಿಯೊಬ್ಬರ ಪಿಸುಮಾತು ಕೇಳಿಸಿತು. "ವಿಮಾನಕ್ಕೆ ರಿವರ್ಸ್ ಗೇರ್ ಇರಲ್ಲ, ನಮ್ಮ ಇವನಿಗಿತ್ತು ನೋಡು." ಯಾರೋ ಕಿಸಕ್ಕೆಂದರು. ಅಮ್ಮ ತಲೆ ತಗ್ಗಿಸಿದಳು.

* * *

ಆ ಮಾತು ಹುಟ್ಟಿದಾಗ ಮಗಳಿನ್ನೂ ಶಾಲೆಯಲ್ಲಿದ್ದಳು. ಅಪ್ಪನ ವಿಮಾನದಲ್ಲಿ ಕಂಪನಿಯ ಮಾಲೀಕನೇ ಕೂತಿದ್ದ, ತನ್ನ ಮಗಳ ಮದುವೆಗೆಂದು ನೆಂಟರಿಷ್ಟರ ಸಮೇತ. ಇಳಿಯಬೇಕಾದ ಊರು ಮಂಜಿನಲ್ಲಿ ಮುಳುಗಿತ್ತು. ಮುಂದೆ ಹೋದ ವಿಮಾನವೇನೋ ಇಳಿದಿತ್ತು. ಅಪ್ಪನಿಗೆ ರನ್‌ವೇ ಕಾಣಲಿಲ್ಲ. ಮೇಲಕ್ಕೆತ್ತಿ ವಾಪಸು ತಿರುಗಿಸಿದ.

"ಮುಂದೆ ಹೋದವನು ಇಳಿಸಿಲ್ವೇನಯ್ಯ? ಬಳೆ ತೊಟ್ಕೊಂಡು ಮನೇಲಿರು!" ಎಂದು ಮಾಲೀಕ ಎಲ್ಲರೆದುರು ಕೂಗಾಡಿದ.

ದೊಡ್ಡ ವಿಮಾನ ಮತ್ತೆ ಅಪ್ಪನ ಕೈಗೆ ಬರಲಿಲ್ಲ. ಹೊಸಬರಿಗೆ ಪುಟ್ಟ ವಿಮಾನದಲ್ಲಿ ಪಾಠ ಹೇಳುತ್ತಲೇ ತಲೆ ನರೆಯಿತು. ಅಂದು ಇಳಿಸಿದ್ದರೆ ಏನಾಗುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಆಗದೇ ಹೋದ ಅಪಘಾತಕ್ಕೆ ಸಾಕ್ಷಿ ಎಲ್ಲಿಂದ ತರುವುದು?

"ಅಪ್ಪ, ಹೆದರಿಕೆ ಆಯ್ತಾ ನಿಂಗೆ?" ಎಂದು ಅವಳು ಕೇಳಿದ್ದಳು.

"ಆಯ್ತು ಪುಟ್ಟಿ," ಅಪ್ಪ ಶೂ ಬಿಚ್ಚುತ್ತಾ ಹೇಳಿದ್ದ. "ಮಂಜಿಗೆ ಹೆದರಿದೆ. ಹಿಂದೆ ಕೂತವರಿಗೆ ಹೆದರಿ ಎಲ್ಲಿ ಇಳಿಸಿಬಿಡ್ತೀನೋ ಅಂತ ಅದಕ್ಕಿಂತ ಹೆದರಿದೆ."

* * *

ಮಣ್ಣು ಹಾಕಿ ಕೈ ತೊಳೆಯುವಾಗ ಫೋನ್ ಮತ್ತೆ ಬಡಿದುಕೊಂಡಿತು.

"ಹೋಗ್ಬಾ ಮಗಳೇ," ಅಮ್ಮ ಮೊಣಕೈ ಹಿಡಿದಳು. "ನಿಮ್ಮಪ್ಪ ಮೂಲೆಗುಂಪಾಗಿದ್ದು ಸಾಕು. ನೀನೂ ಕಂಪನಿಯವರ ಕೆಂಗಣ್ಣಿಗೆ ಬೀಳಬೇಡ."

ಅವಳು ಫೋನ್ ಕಿವಿಗಿಟ್ಟಳು. "ಸರ್, ನಾನು ಬರಲ್ಲ. ವಿಮಾನ ಹಾರಿಸೋ ಸ್ಥಿತೀಲಿ ಇಲ್ಲ."

"ಪ್ರಮೋಷನ್ ಮರೆತುಬಿಡಿ ಹಾಗಾದ್ರೆ!" ಅತ್ತಲಿನ ಕೂಗು ಸುತ್ತಲಿದ್ದವರಿಗೂ ಕೇಳಿಸಿತು.

"ಆಗಲಿ ಸರ್."

ಅವಳು ಫೋನ್ ಇಟ್ಟಳು. ಸಿಮೆಂಟಿನ ಬೆಂಚಿನ ಮೇಲೆ ಕುಸಿದಳು. ಅಮ್ಮನೂ ಪಕ್ಕದಲ್ಲಿ ಕೂತಳು. ದಾರಿಯಲ್ಲಿ ಪಿಸುಗುಟ್ಟಿದವರು ಈಗ ಎತ್ತಲೋ ನೋಡುತ್ತಿದ್ದರು.

ಗೇಟಿನಾಚೆ ಕಂಪನಿಯ ಕಾರು ಹಾರ್ನ್ ಹೊಡೆಯಿತು. ಕ್ಯಾಪ್ಟನ್ ಹೋಗಿ ಬಾಗಿಲು ತೆರೆದ. ಒಂದು ಕಾಲು ಒಳಗಿಟ್ಟು ಸುಮಾರು ಹೊತ್ತು ಹಾಗೇ ನಿಂತ. ಆಮೇಲೆ ಕಾಲು ಹೊರಗೆಳೆದುಕೊಂಡು ಡ್ರೈವರಿಗೆ ಏನೋ ಹೇಳಿದ. ಖಾಲಿ ಹಿಂದಿನ ಸೀಟು ಹೊತ್ತು ಕಾರು ಹೊರಟಿತು.

ಯೂನಿಫಾರ್ಮಿನ ಭುಜದ ಪಟ್ಟಿಗಳನ್ನು ಕಳಚಿ ಜೇಬಿಗೆ ತುರುಕುತ್ತಾ ಅವನು ಬೆಂಚಿನತ್ತ ಬಂದ. ಅಮ್ಮ ಕೈಚೀಲವನ್ನು ಮಡಿಲಿಗೆತ್ತಿಕೊಂಡು ಸ್ವಲ್ಪ ಸರಿದು ಕೂತಳು.