ಅಪ್ಪನ ಮುಖದ ಬೆಸ್ತ

ನಮ್ಮ ಹುಯಿಶಾನ್‌ನಲ್ಲಿ ಗಂಡಸರು ಮಣ್ಣಿನ ಬೊಂಬೆ ತಿದ್ದುತ್ತಾರೆ, ಹೆಂಗಸರು ಬಣ್ಣ ಹಚ್ಚುತ್ತಾರೆ. ಆ ಚಳಿಗಾಲದಲ್ಲಿ ನನ್ನ ಗಂಡ ಮಾವ್‌ಗೆನ್ ಪೀಕಿಂಗ್ ಒಪೆರಾದ ಹಳೆಯ ಕಥೆಯೊಂದನ್ನು ಕೈಗೆತ್ತಿಕೊಂಡಿದ್ದ. ಮೀನಿನ ಸುಂಕಕ್ಕಾಗಿ ಪೀಡಿಸುವ ಜಮೀನ್ದಾರನನ್ನು ಕೊಲ್ಲಲು ಮುದಿ ಬೆಸ್ತನೊಬ್ಬ ದೋಣಿ ಹತ್ತುತ್ತಾನೆ. ಜೊತೆಗೆ ಬಂದ ಮಗಳನ್ನು ನಡುನೀರಿನಲ್ಲಿ ಮನೆಗೆ ಮರಳು ಎನ್ನುತ್ತಾನೆ, ಅವಳು ಒಪ್ಪುವುದಿಲ್ಲ. ಆ ಗಳಿಗೆಯನ್ನೇ ಮಾವ್‌ಗೆನ್ ಮೊಳದುದ್ದದ ಮಣ್ಣಿನ ದೋಣಿಯಲ್ಲಿ ಕೂರಿಸಿದ್ದ.

ಅವನ ಅಕ್ಕ ಸೂಯುನ್ ಆ ಮಗಳ ಪಾತ್ರವನ್ನು ಅರ್ಧ ಆಯುಷ್ಯ ರಂಗದ ಮೇಲೆ ಆಡಿದವರು. ಈಗ ನಮ್ಮ ಪಕ್ಕದ ಬೀದಿಯಲ್ಲೇ ಇದ್ದರು. ಬೊಂಬೆಯ ಮಗಳು ಹುಟ್ಟು ಹಿಡಿದ ಕೈ ಸರಿಯಿದೆಯೇ ನೋಡಲೆಂದು ನಾನೇ ಕರೆದೆ.

ಅಕ್ಕ ಕೈ ನೋಡಲಿಲ್ಲ. ಬೆಸ್ತನ ಮುಂದೆ ನಿಂತುಬಿಟ್ಟರು.

"ಇದು ಯಾರ ಮುಖ?"

"ಅಪ್ಪಂದು," ಎಂದ ಮಾವ್‌ಗೆನ್ ಹೆಮ್ಮೆಯಿಂದ. "ಹುಬ್ಬು ನೋಡಿದ್ ಕೂಡ್ಲೇ ಗೊತ್ತಾಯ್ತಲ್ಲ ನಿಂಗೆ."

"ಅಳಿಸು."

ತಮಾಷೆಯೆಂದುಕೊಂಡು ಅವನು ನಕ್ಕ.

"ಅಳಿಸು ಅಂದೆ. ಈ ಬೆಸ್ತ ಸಾಯೋಕೆ ಹೊರಟಾಗ್ಲೂ ಮಗಳು ಬದುಕ್ಲಿ ಅಂತಾನೆ. ನಿಮ್ಮಪ್ಪ ಒಂಬತ್ತು ವರ್ಷದ ನನ್ನನ್ನ ನಾಟಕದ ಮಂಡಳಿಗೆ ಬರ್ಕೊಟ್ಟ. ಸತ್ತೋದ್ರೂ ಕೇಳಲ್ಲ ಅಂತ ಹೆಬ್ಬೆಟ್ಟು ಒತ್ತಿದ. ಅವನು ಬೆಸ್ತನಾ?"

"ಮನೇಲಿ ಒಲೆ ಉರೀತಿರಲಿಲ್ಲ ಅಕ್ಕ. ಅವತ್ತು ಅಪ್ಪ ಅತ್ತಿದ್ದು ನಂಗೆ ನೆನಪಿದೆ."

"ಅಳ್ತಾ ಅಳ್ತಾ ಉಂಡ. ನೀನೂ ಉಂಡೆ. ನನ್ನ ಮಾರಿದ ದುಡ್ಡಿನ ಅನ್ನ ರುಚಿಯಾಗಿತ್ತಾ?"

ಮಾವ್‌ಗೆನ್‌ನ ಮುಖ ಕೆಂಪೇರಿತು. "ನಾನಾಗ ಐದು ವರ್ಷದವನು. ನನ್ನ ಯಾಕೆ ಬೈತೀಯ? ಈ ಕೈಗೆ ಮಣ್ಣು ಕೊಟ್ಟು ಕಲಿಸಿದ್ದು ಅವ್ರು. ನಂಗೆ ಅವ್ರು ಒಳ್ಳೆ ಅಪ್ಪ."

"ಹಾಗಾದ್ರೆ ನಿನ್ನ ಪಕ್ಕ ಕೂರಿಸ್ಕೋ. ನನ್ನ ದೋಣೀಲಿ ಬೇಡ."

ಹಾಗೆಂದವರೇ ಬೋಗುಣಿಯ ನೀರಿಗೆ ಬೆರಳದ್ದಿ, ಹಸಿಮಣ್ಣಿನ ಮುಖವನ್ನು ಹಣೆಯಿಂದ ಗಲ್ಲದವರೆಗೆ ತೀಡಿಬಿಟ್ಟರು. ಮಾವ್‌ಗೆನ್ ಅವರ ಮಣಿಕಟ್ಟು ಹಿಡಿದ. ಹೊಡೆದೇಬಿಡುತ್ತಾನೆಂದು ನಾನು ನಡುವೆ ನುಗ್ಗಿದೆ. ಅವನು ಕೈ ಬಿಟ್ಟು, ಮಣ್ಣು ತಿದ್ದುವ ಬಿದಿರಿನ ಕಡ್ಡಿಗಳನ್ನು ಗೋಡೆಗೆಸೆದು ಹೊರಗೆ ಹೋದ.

ಅಕ್ಕ-ತಮ್ಮನ ನಡುವೆ ಮಾತು ನಿಂತುಹೋಯಿತು. ಮಣ್ಣು ಒಣಗದಂತೆ ಒದ್ದೆಬಟ್ಟೆ ಹೊದಿಸುತ್ತಾ ನಾನು ಇಬ್ಬರನ್ನೂ ಮನಸ್ಸಿನಲ್ಲೇ ಬೈಯುತ್ತಿದ್ದೆ. ಕೊನೆಗೊಂದು ದಿನ ಮಾವ್‌ಗೆನ್ ನನ್ನನ್ನೂ ಕರೆದುಕೊಂಡು ಅಕ್ಕನ ಬಾಗಿಲಿಗೆ ಹೋದ.

"ಯಾರ ಮುಖ ಮಾಡ್ಲಿ ಹೇಳು," ಎಂದ. ಸಿಟ್ಟು ಇಳಿದಿರಲಿಲ್ಲ.

"ಮಂಡಳೀಲಿ ವೇಷದ ಪೆಟ್ಟಿಗೆ ಕಾಯ್ತಿದ್ದ ಛೂ ತಾತಂದು. ಗುರುಗಳು ಬೆತ್ತ ಎತ್ತಿದಾಗೆಲ್ಲ ನನ್ನನ್ನ ಪೆಟ್ಟಿಗೆ ಹಿಂದೆ ಬಚ್ಚಿಡ್ತಿದ್ರು."

"ನಾನು ಅವ್ರನ್ನ ನೋಡೇ ಇಲ್ವಲ್ಲ."

"ನಾನು ಹೇಳ್ತೀನಿ. ನೀನು ಬಾಯಿ ಮುಚ್ಕೊಂಡು ಮಾಡು."

ಅವನು ಬಾಯಿ ಮುಚ್ಚಲಿಲ್ಲ, ಅಕ್ಕನೂ ಬಿಡಲಿಲ್ಲ. "ಮೂಗು ಅಷ್ಟು ಚೂಪಲ್ವೋ ಮೂದೇವಿ," ಎಂದು ಅವರು. "ಹಾಗಾದ್ರೆ ನೀನೇ ಮಾಡು," ಎಂದು ಇವನು. ಹಾಗೆ ಕಿತ್ತಾಡುತ್ತಲೇ ಬೆಸ್ತನಿಗೆ ಚಪ್ಪಟೆ ಮೂಗು, ಜೋತ ಕೆನ್ನೆ, ಇನ್ನೊಂದಕ್ಕಿಂತ ಸಣ್ಣದೊಂದು ಕಣ್ಣು ಬಂದವು. ಪ್ರದರ್ಶನಕ್ಕೆ ಬೊಂಬೆ ಆರಿಸಲು ಬಂದವನು, "ವೀರನ ಥರ ಕಾಣಲ್ಲ ಇವನು," ಎಂದ.

"ವೀರ ಬೇಕಿದ್ರೆ ಪಕ್ಕದಂಗಡೀಲಿ ನೋಡಿ," ಎಂದ ಮಾವ್‌ಗೆನ್. ಅಕ್ಕ ತಮ್ಮನ ಬಟ್ಟಲಿಗೆ ಚಹಾ ಬಗ್ಗಿಸಿದರು.

ಹಿರಿಯರನ್ನು ನೆನೆಯುವ ಛಿಂಗ್‌ಮಿಂಗ್ ಹಬ್ಬದ ಬೆಳಿಗ್ಗೆ, ಗುಡ್ಡದ ಮೇಲಿನ ಅಪ್ಪನ ಗೋರಿಯನ್ನು ಗುಡಿಸಲು ಹೊರಟ ಮಾವ್‌ಗೆನ್ ಅಕ್ಕನನ್ನೂ ಕರೆದ.

"ನಿಮ್ಮಪ್ಪ. ನೀನು ಹೋಗು," ಎಂದು ಅಕ್ಕ ಬಾಗಿಲು ಹಾಕಿಕೊಂಡರು.

ನಾವಿಬ್ಬರೇ ಗುಡ್ಡ ಹತ್ತಿದೆವು.