ಮಾರ್ಚ್ ಒಂಬತ್ತರ ಸಹಿ

“ಓದದೇ ಸಹಿ ಹಾಕೋದು, ಆಮೇಲೆ ಬಂದು ಅಳೋದು. ನಿಮ್ಮಂಥವರದ್ದು ಇದೇ ಆಯ್ತು,” ಎಂದ ಬ್ಯಾಂಕ್ ಮ್ಯಾನೇಜರ್ ಹಾಲ್ಕಂಬ್, ತಲೆ ಎತ್ತದೆ.

ವರ್ನೆಲ್ ಅಕ್ಕ ಅಳುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ನನ್ನ ಪಕ್ಕ ನಿಂತು ಕೋಳಿಯ ಮೂಳೆ ಬಿಡಿಸಿದವಳು ಅವಳು; ಅತ್ತಿದ್ದನ್ನು ನಾನಂತೂ ಕಂಡಿಲ್ಲ. ಪಾಳಿ ಮುಗಿಸಿ ರಬ್ಬರ್ ಬೂಟಿನಲ್ಲೇ ಬಂದಿದ್ದೆವು. ಕೌಂಟರಿನ ಹುಡುಗಿ ಮೂಗು ಮುಚ್ಚಿಕೊಂಡಿದ್ದಳು. ಅಲಬಾಮಾದ ನಮ್ಮೂರಿಗೆ ಇದೊಂದೇ ಬ್ಯಾಂಕು. ನಮ್ಮ ಸಂಬಳವೂ ಇಲ್ಲಿಗೇ ಬರುತ್ತದೆ, ಅದರ ವಾಸನೆ ಮಾತ್ರ ಇವರಿಗೆ ಬಡಿಯುವುದಿಲ್ಲ.

“ಖಾತೇಲಿ ದುಡ್ಡಿಲ್ಲ ಅಂದ್ರೆ ಕಾರ್ಡು ನಡಿಯಾಕಿಲ್ಲ ಅನ್ಬೇಕಿತ್ತು ಸಾರ್. ಬ್ರೆಡ್ಡು ವಾಪಸ್ ಮಡಗಿ ಬತ್ತಿದ್ದೆ. ನಾಕು ಡಾಲರ್ ಬ್ರೆಡ್ಡಿಗೆ ಮೂವತ್ತೈದು ದಂಡ. ಹಾಲಿಗೊಂದ್ ಮೂವತ್ತೈದು, ಪೆಟ್ರೋಲಿಗೊಂದ್ ಮೂವತ್ತೈದು. ಇವತ್ತು ಸಂಬಳ ಬಿದ್ದೇಟ್ಗೆ ಎಲ್ಲಾ ಮುರ್ಕೊಂಡ್ರಿ. ಅದ್ರಲ್ಲಿ ನಮ್ಮೆಜಮಾನ್ರ ಸಕ್ಕರೆ ಕಾಯ್ಲೆ ಇಂಜೆಕ್ಷನ್ ತರ್ಬೇಕಿತ್ತು. ಮನೇಲಿರೋದು ನಾಳೆ ಬೆಳಿಗ್ಗೆಗೆ ಮುಗೀತದೆ.”

“ಅದು ದಂಡ ಅಲ್ಲಮ್ಮ, ಸೌಲಭ್ಯ. ಖಾತೇಲಿ ದುಡ್ಡಿಲ್ಲದಾಗ ಬ್ಯಾಂಕೇ ಕೊಡುತ್ತೆ, ಅಂಗಡೀಲಿ ನಿನ್ನ ಮರ್ಯಾದೆ ಹೋಗದಿರಲಿ ಅಂತ.”

“ನನ್ ಮರ್ಯಾದೆ ಕಾಯಿ ಅಂತ ನಾನ್ ಕೇಳಿದ್ನಾ? ನಾವು ಒಪ್ದೆ ಕಾರ್ಡಿನ್ ಮ್ಯಾಲೆ ಆ ದುಡ್ಡು ಮುರಿಯಂಗಿಲ್ಲ ಅಂತ ಕಾನೂನದೆ.”

ಹಾಲ್ಕಂಬ್ ಒಂದು ಕಾಗದ ತಳ್ಳಿದ. “ಒಪ್ಪಿದ್ದೀಯಲ್ಲ. ಮಾರ್ಚ್ ಒಂಬತ್ತು. ನಿನ್ನ ಹೆಸರೇ ತಾನೆ?”

ಹೆಸರು ಅವಳದೇ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. 

ಅಕ್ಕ ಚೀಲದಿಂದ ಎರಡು ಹೋಳಾದ ಪ್ಲಾಸ್ಟರ್ ತೆಗೆದು ಅವನ ಮೇಜಿನ ಮೇಲಿಟ್ಟಳು. ಫೆಬ್ರವರಿಯಲ್ಲಿ ಕಾರ್ಖಾನೆಯ ನೆಲದ ಕೊಬ್ಬಿನ ಮೇಲೆ ಜಾರಿ ಅವಳ ಬಲಗೈ ಮುರಿದಿತ್ತು. ಒಂದು ವಾರವೂ ರಜೆ ಕೊಡದೆ ಎಡಗೈ ಕೆಲಸಕ್ಕೆ ಹಾಕಿದ್ದರು. ನಮ್ಮಲ್ಲಿನ ರೂಢಿಯಂತೆ ಜೊತೆಯವರೆಲ್ಲ ಆ ಪ್ಲಾಸ್ಟರಿನ ಮೇಲೆ ಹೆಸರು ಬರೆದಿದ್ದೆವು. ತಾರೀಖು ಬರೆದ ಕ್ಲಿನಿಕ್ಕಿನ ಚೀಟಿಯನ್ನೂ ಅಕ್ಕ ಅದಕ್ಕೇ ಅಂಟಿಸಿದ್ದಳು.

“ಫೆಬ್ರವರಿ ಇಪ್ಪತ್ತಾರಕ್ಕೆ ಕಟ್ಟಿದ್ದು, ಏಪ್ರಿಲ್ ಆರಕ್ಕೆ ಬಿಚ್ಚಿದ್ದು. ಬೆರ್ಳಿನ ತುದೀವರ್ಗೂ ಸುತ್ತಿದ್ರು. ಇದ್ರ ಮ್ಯಾಲೆ ನಲವತ್ತು ಜನದ ಹೆಸ್ರದೆ, ನಂದಿಲ್ಲ. ಮಾರ್ಚ್ ಒಂಬತ್ತಕ್ಕೆ ನನ್ ಹೆಸ್ರ ಯಾರ ಕೈಲಿ ಬರಸ್ದೆ, ಹೇಳು.”

ಅಲ್ಲಿಯತನಕ ಇದ್ದ ‘ಸಾರ್’ ಉದುರಿಹೋಗಿತ್ತು. ಹಾಲ್ಕಂಬ್ ಕೌಂಟರಿನತ್ತ ನೋಡಿದ. ಹುಡುಗಿ ಮೂಗಿನಿಂದ ಕೈ ತೆಗೆದು ತಲೆ ತಗ್ಗಿಸಿದಳು.

“ಈ ಗಬ್ಬು ಎತ್ತಿಕೊಂಡು ಹೊರಗೆ ನಡಿ. ಗಾರ್ಡ್!”

“ಥೂ, ಬೋಳಿಮಗನೆ! ಕಳ್ಳ ಸಹಿ ಹಾಕ್ಸಿ ನಮಗೆ ಗಬ್ಬು ಅಂತೀಯಾ?” ಎಂದೆ ನಾನು.

ಅಕ್ಕ ಕುರ್ಚಿ ಎಳೆದು ಕೂತಳು. ಅವನದೇ ಪೆನ್ನು ತೆಗೆದುಕೊಂಡಳು. ಬೆರಳು ಈಗಲೂ ಮಡಚುವುದಿಲ್ಲ. ಎಡಗೈಯಿಂದ ಬಲಗೈ ಹಿಡಿದು, ಆ ಮುತ್ತಿನಂಥ ಸಹಿಯ ಕೆಳಗೆ ತನ್ನ ಹೆಸರು ಬರೆಯತೊಡಗಿದಳು. ಬರೀ ಕಾಗೆಕಾಲು ಗುಬ್ಬಿಕಾಲು.

“ನೋಡ್ಕೊ. ನನ್ ಸಹಿ ಹಿಂಗಿರ್ತದೆ.”

ಗಾರ್ಡ್ ಬಂದು ಅವಳ ಹೆಗಲು ಹಿಡಿದ. ಹಾಲ್ಕಂಬ್ ಕಾಗದ ಎಳೆದ. ಅಕ್ಕ ಅದರ ಮೇಲೆ ಮೊಣಕೈ ಊರಿ ಬರೆಯುತ್ತಲೇ ಇದ್ದಳು. ಕಿಟಕಿಯಾಚೆ, ಎದುರಿನ ಔಷಧಿ ಅಂಗಡಿಯವನು ಒಂದೊಂದೇ ದೀಪ ಆರಿಸುತ್ತಿದ್ದ. ಅವಳ ಹೆಸರಿನಲ್ಲಿ ಇನ್ನೂ ಮೂರು ಅಕ್ಷರ ಬಾಕಿ ಇತ್ತು.